ಮೊದಲು ದಾಟಿದವರು

ಹಾವೇರಿ ಬಸ್ಸಿಳಿದು ಸೇತುವೆಯ ಕಟ್ಟೆಗೆ ಬಂದಾಗ
ಯಂಕಪ್ಪಜ್ಜ ಎಲೆಗೆ ಸುಣ್ಣ ಸವರುತ್ತಿದ್ದ.
ಫೋನು ಮುಂದೆ ಹಿಡಿದೆ: ನೋಡಜ್ಜಾ, ಜರ್ಮನಿಯ ಸೇತುವೆ,
ಒಂಬೈನೂರು ವರ್ಷದ್ದು, ಬರೀ ಕಲ್ಲು.
ಬಿಸಿಲಿಗೆ ಏನೂ ಕಾಣದೆ
ಅಂಗೈಯನ್ನು ಫೋನಿನ ಮೇಲೆ ಚಪ್ಪರ ಮಾಡಿ
ಕಲ್ಲುಪುಡಿ ಕುಡಿದ ಕಣ್ಣು ಕಿರಿದು ಮಾಡಿ
ಅವನು ಮೊದಲು ಕೇಳಿದ್ದು:
"ಗಚ್ಚು ಏನ್ ಹಾಕ್ಯಾರ?"

ಗೊತ್ತಿರಲಿಲ್ಲ.
ಹುಬ್ಬಳ್ಳಿಯ ಕಾಲೇಜಿನಲ್ಲಿ ಹದಿನೆಂಟು ವರ್ಷ
ಕಾಂಕ್ರೀಟು ಕಲಿಸಿದವಳು ನಾನು.
ಗೊತ್ತಿದ್ದದ್ದು ಕತೆ. ಅದನ್ನೇ ಹೇಳಿದೆ.

ರೇಗನ್ಸ್‌ಬರ್ಗ್ ಅಂತ ಊರು, ಡ್ಯಾನ್ಯೂಬ್ ಅಂತ ಹೊಳೆ,
ನಮ್ಮ ವರದೆ ಅದರ ಸೆರಗಿನ ಒಂದು ಎಳೆ.
ಸೇತುವೆ ಮೇಸ್ತ್ರಿಗೂ ಚರ್ಚಿನ ಮೇಸ್ತ್ರಿಗೂ ಪಂಥ,
ಯಾರದು ಮೊದಲು ಮುಗಿಯುತ್ತದೋ ಅಂತ.
ಸೋಲುವ ಭಯಕ್ಕೆ ಸೇತುವೆಯವ ಸೈತಾನನ ಕೈ ಹಿಡಿದ.
ಕೂಲಿ? ಮೊದಲು ದಾಟುವ ಮೂರು ಜೀವ.
ಕೆಲಸ ಮುಗಿದ ಬೆಳಿಗ್ಗೆ ಜನರನ್ನೆಲ್ಲ ತಡೆದು
ಒಂದು ಹುಂಜ, ಒಂದು ಹೇಂಟೆ, ಒಂದು ನಾಯಿ ಬಿಟ್ಟ.
ಸೈತಾನ ಸಿಟ್ಟಿಗೆದ್ದು ಕೆಳಗಿಂದ ಹೆಗಲು ಕೊಟ್ಟು ಎತ್ತಿದ.
ಮುರಿಯಲಿಲ್ಲ, ನಡುವೆ ಉಬ್ಬಿತಷ್ಟೇ.
ಇವತ್ತಿಗೂ ಉಬ್ಬಿದೆ, ನಾನೇ ಏರಿ ಇಳಿದೆ.
ಅಲ್ಲೇ ಕಟ್ಟೆಯ ಮೇಲೊಬ್ಬ ಕಲ್ಲಿನ ಪೋರ
ಹಣೆಗೆ ಕೈ ಅಡ್ಡ ಹಿಡಿದು
ಚರ್ಚು ಎಲ್ಲಿಗೆ ಬಂತೆಂದು ನೋಡುತ್ತ ಕೂತಿದ್ದಾನೆ.

ನಗುತ್ತಾನೆ ಅಂದುಕೊಂಡೆ. ಅಲ್ಲಿ ಗೈಡು ಹೇಳಿದಾಗ
ನಾವೆಲ್ಲ ನಕ್ಕಿದ್ದೆವು.
ಅಜ್ಜ ಎಲೆ ಮಡಚಿದ.
"ಕೋಳಿ ಯಾರ ಮನೀವು?"
ಅಂದರೆ?
"ಯಾರರೆ ಸಾಕಿದ್ದಾವಲ್ಲೇನವ್ವಾ?
ರೊಕ್ಕಾ ಕೊಟ್ರೋ, ಹಂಗ ಹಿಡಕೊಂಡು ಹ್ವಾದ್ರೋ?"

ಹೊಳೆಯಲ್ಲಿ ಎಮ್ಮೆಯೊಂದು ಮೂಗಷ್ಟೇ ಉಳಿಸಿಕೊಂಡಿತ್ತು.

ಈ ಸೇತುವೆ ಏಳುವಾಗ ನನಗೆ ಏಳು ವರ್ಷ.
ಕಂಬ ನಿಲ್ಲಬೇಕಾದರೆ ಎಳೆಯ ತಲೆ ಬೇಕಂತೆ ಎಂದು
ಊರ ತುಂಬ ಗುಲ್ಲು.
ದೀಪ ಹಚ್ಚುವ ಮೊದಲೇ ಅವ್ವ ಅಗಳಿ ಹಾಕುತ್ತಿದ್ದಳು.
ಕಿರಾಣಿ ಅಂಗಡಿಯ ಕಟ್ಟೆಯನ್ನು
ಸೇತುವೆ ಕೆಲಸದವರಿಗೆ ಏರಗೊಡುತ್ತಿರಲಿಲ್ಲ.
ನಾವು ಹುಡುಗರು ಅವರ ಗುಡಿಸಲಿಗೆ ಕಲ್ಲು ಬೀರಿ
ಓಡಿಬರುತ್ತಿದ್ದೆವು,
ಕಲ್ಲೊಡೆಯುವವರಿಗೆ ಕಲ್ಲು.
ತಲೆ ಒಯ್ಯುವವ ಅಂತ ಬೆರಳು ಮಾಡುತ್ತಿದ್ದದ್ದು
ಈ ಯಂಕಪ್ಪನಿಗೇ.

"ನಮ್ಮ ದುರಗಿ ಇತ್ತಲ್ಲ, ನಿನ್ನ ವಾರಗಿ.
ಆಡಾಕ ಯಾರೂ ಬರವಲ್ರು.
ಬುತ್ತಿ ಹೊತಗೊಂಡು, ಸೆಂಟ್ರಿಂಗ್ ಹಲಗಿ ಮ್ಯಾಲ
ಒಂದ ಹಾಡು ಅನಕೋತ
ದಿನಾ ಆ ದಂಡಿಗೆ ಬರತಿತ್ತು.
ಮಂತ್ರಿ ರಿಬ್ಬನ್ ಕತ್ತರಸೂಕಿಂತ ಮೊದಲ.
ಏನೂ ಆಗಲಿಲ್ಲ ನೋಡು.
ಯಾರೂ ಬೇಡಲಿಲ್ಲ ಆಕೀನ."

ದುರಗವ್ವ ಈಗ ಹಿರೇಕೆರೂರಿನಲ್ಲಿ ಕುಪ್ಪಸ ಹೊಲಿಯುತ್ತಾಳಂತೆ.
ಒಂದು ಮಷೀನು ಎರಡಾಗಿವೆಯಂತೆ.
ನಾನು ಬೀರಿದ ಕಲ್ಲಿನ ಮಾತು ಬಾಯಿಗೆ ಬಂತು.
ಅಷ್ಟರಲ್ಲಿ ಅಜ್ಜ ಮತ್ತೆ ಅಂಗೈ ಅಡ್ಡ ಹಿಡಿದು
ಆ ದೂರದ ಕಮಾನುಗಳನ್ನು ಎಣಿಸತೊಡಗಿದ್ದ.

"ಇದು ಉಬ್ಬಿದ್ದು ಸೈತಾನಂದಲ್ಲವ್ವಾ,
ಮಳಿ ನೀರು ನಿಲ್ಲಬಾರದಂತ.
ನಮ್ಮದೂ ಉಬ್ಬೇತಿ. ನಾವ ಬಿಟ್ಟಿದ್ದು, ನಾಕು ಬಟ್ಟು.
ಕಾಲೇಜಿನ್ಯಾಗ ಇದನ್ನ ಹೇಳೂದಿಲ್ಲೇನು?"

ಬಸ್ಸು ಬಂತು. ಹತ್ತಲಿಲ್ಲ.
ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ದಾಟಿದೆ,
ನಾಲ್ಕು ಬಟ್ಟು ಪಾದಕ್ಕೆ ಸಿಗುತ್ತದೋ ಎಂದು.