ಒಂಟಿ ಕೈಗವಸುಗಳ ತಾಣ

ನನ್ನ ಕೆಲಸ ಹಲ್ಲು ಕಟ್ಟುವುದು.
ಡಾಕ್ಟರು ಕಳಿಸಿದ ಅಚ್ಚು ನೋಡಿಕೊಂಡು
ಯಾರದೋ ಬಾಯಿಗೆ ಇಲ್ಲಿ ಕೂತು ದವಡೆ ತೀಡುತ್ತೇನೆ.
ಆ ಬಾಯಿ ನಕ್ಕದ್ದನ್ನು ಒಮ್ಮೆಯೂ ಕಂಡವಳಲ್ಲ.
ಸಂಜೆ ಆರಕ್ಕೆ ಟ್ರಾಮ್ ಹತ್ತಿ, ಕಾಲುವೆ ದಾಟಿ,
ಮನೆಯಲ್ಲಿ ಆಲೂಗಡ್ಡೆ ಬೇಯಲಿಟ್ಟು
ಕಂಪ್ಯೂಟರಿನ ಮುಂದೆ ಕೂತರೆ
ಅಲ್ಲೂ ಕಟ್ಟುವುದೇ.

ಲಿಯೆಪಾಯದ ಚಳಿಗಾಲಕ್ಕೊಂದು ರೂಢಿಯಿದೆ:
ದಾರಿಯಲ್ಲಿ ಒಂಟಿ ಕೈಗವಸು ಬಿದ್ದಿದ್ದರೆ ಕಂಡವರು
ಹಿಮ ಕೊಡವಿ ಹತ್ತಿರದ ಬೇಲಿಗೂಟಕ್ಕೆ ತೊಡಿಸಿ ಹೋಗುತ್ತಾರೆ,
ಬೆರಳು ಮೇಲಕ್ಕೆ.
ಊರ ಗೂಟಗಳೆಲ್ಲ ಯಾರನ್ನೋ
ತುಸು ನಿಲ್ಲಿ ಎಂದ ಹಾಗೆ.
ನಾನು ಮುಟ್ಟುವುದಿಲ್ಲ. ಫೋಟೋ ತೆಗೆಯುತ್ತೇನೆ.
ತಾರೀಕು, ಬೀದಿ, ಎಡವೋ ಬಲವೋ, ಉಣ್ಣೆಯೋ ತೊಗಲೋ,
ಹೆಬ್ಬೆರಳ ಸಂದಿಯಲ್ಲಿ ಹೊಲಿಗೆ ಬಿಟ್ಟಿದೆಯೋ.
ಕೊನೆಯ ಅಂಕಣ: ಯಾರದು?
ಅದರ ಮುಂದೆ ಒಂದು ಗೀಟು.

ಅಕ್ಕನ ಗಂಡ ಇಮಾಂಟ್ಸ್ ಹೇಳಿದ,
ಹತ್ತು ನಿಮಿಷದಲ್ಲಿ ತಾಣ ಮಾಡಿಕೊಡುವ ಕಂಪನಿಗಳಿವೆ,
ಅಂಗಿ ಸಿಗುವಾಗ ನೂಲು ತೆಗೆಯುತ್ತಾರೆಯೇ?
ಅವನಿಗೆ ಏನು ಹೇಳಲಿ.
ಲೈಬ್ರರಿಯ ದಪ್ಪ ಪುಸ್ತಕ ತೊಡೆಯ ಮೇಲಿಟ್ಟು
ಒಂದೊಂದೇ ಸಾಲು ಬರೆದೆ. ಪ್ರತಿ ಮಾತಿಗೂ
ತೆರೆಯುವುದೊಂದು ಕೊಂಡಿ, ಮುಚ್ಚುವುದೊಂದು.
ಒಂದು ರಾತ್ರಿ ಒಂದೇ ಒಂದು ಓರೆಗೀಟು ಮರೆತೆ.
ಹನ್ನೆರಡನೇ ಕೈಗವಸಿನಿಂದ ಕೆಳಗೆ
ಅಕ್ಷರಗಳೆಲ್ಲ ವಾಲಿಬಿಟ್ಟವು,
ಕಡಲ ಗಾಳಿಗೆ ಸಿಕ್ಕ ಜೊಂಡಿನ ಹಾಗೆ.
ಎರಡು ದಿನ ಹುಡುಕಿ, ಸಿಕ್ಕಾಗ ಒಬ್ಬಳೇ ಗಟ್ಟಿಯಾಗಿ ನಕ್ಕೆ.
ಒಲೆಯ ಮೇಲಿನದು ಸೀದು ಹೋಗಿತ್ತು.

ಪುಟಕ್ಕೆ ಬೇಕಿದ್ದದ್ದು, ಬೇಸಗೆಯಲ್ಲಿ ಅಮ್ಮ ಮಾಡುತ್ತಿದ್ದ
ತಣ್ಣನೆಯ ಬೀಟ್‌ರೂಟ್ ಸಾರಿನ ಬಣ್ಣ;
ಮಜ್ಜಿಗೆ ಬೆರೆಸಿದ ಮೇಲಿನದು, ಮೊದಲಿನದಲ್ಲ.
ಬಣ್ಣಕ್ಕೆ ಆರಕ್ಷರದ ಗುಟ್ಟು.
ಒಂದಂಕಿ ಹೆಚ್ಚಾದರೆ ಸಾಬೂನು, ಕಡಿಮೆಯಾದರೆ ವಸಡು.
ವಸಡಿನ ಬಣ್ಣ ನನ್ನ ಕೈಗೆ ಕೂತುಬಿಟ್ಟಿದೆ,
ಅದರಿಂದ ಸಾರಿನ ತನಕ ನಡೆಯಲು ಮೂರು ವಾರ ಹಿಡಿಯಿತು.

ತಾಣ ಇರುವುದು ಅಡುಗೆಮೇಜಿನ ಕೆಳಗೆ,
ಈರುಳ್ಳಿ ಬುಟ್ಟಿಗೆ ಒರಗಿದ ಹಳೆಯ ಲ್ಯಾಪ್‌ಟಾಪಿನಲ್ಲಿ.
ಒಲೆ, ಇಸ್ತ್ರಿಪೆಟ್ಟಿಗೆ ಜೊತೆಗೇ ಹಚ್ಚಿದರೆ ಫ್ಯೂಸು ಹೋಗಿ
ಇಡೀ ಪ್ರಪಂಚದಿಂದ ನನ್ನ ಕೈಗವಸುಗಳು ಮಾಯ.
ಯಾರೂ ದೂರಿಲ್ಲ.
ಪುಟದ ತಳದಲ್ಲಿ: ಕಟ್ಟಿದವಳು ಔಸ್ಮ.
ಅದರ ಕೆಳಗೆ: ಬಂದುಹೋದವರು ನಾನೂರ ಆರು.
ಅದರಲ್ಲಿ ಮುನ್ನೂರ ತೊಂಬತ್ತು ಸಲ ನಾನೇ,
ಉಪ್ಪು ಸಾಕೇ ಎಂದು ಮತ್ತೆ ಮತ್ತೆ ಸೌಟು ನೆಕ್ಕಿದಂತೆ.
ಉಳಿದ ಹದಿನಾರು ಮಂದಿ ಯಾರೋ.
ಅವರ ಬಾಯನ್ನೂ ನಾನು ಕಂಡಿಲ್ಲ.

ಫೆಬ್ರವರಿಯ ಒಂದು ಗುರುವಾರ
ಬಲಗೈ ಯಾಕೋ ಕೊರೆಯುತ್ತಿತ್ತು.
ಜೇಬು ತಡಕಿದೆ, ಚೀಲ ಬೋರಲು ಹಾಕಿದೆ.
ಬೂದು ಉಣ್ಣೆ, ಮಣಿಕಟ್ಟಿಗೆ ಹಸಿರು ಪಟ್ಟಿ, ನಾನೇ ಹೆಣೆದದ್ದು.
ಮರುದಿನ ಬೆಳಿಗ್ಗೆ ಟ್ರಾಮ್ ನಿಲ್ದಾಣದ ಹಿಂದೆ
ಬೇಕರಿಯ ಬೇಲಿಯಲ್ಲಿ ನಿಂತಿತ್ತು.
ಯಾರೋ ಕೊಡವಿದ್ದಾರೆ,
ಬೆರಳುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದ್ದಾರೆ,
ಕಿರುಬೆರಳನ್ನೂ ಬಿಟ್ಟಿಲ್ಲ.
ಕೈ ಚಾಚಿದೆ.
ಟ್ರಾಮಿನ ಗಂಟೆ ಕೇಳಿತು.
ಫೋಟೋ ತೆಗೆದು, ಬರಿಗೈ ಕೋಟಿನೊಳಗೆ ತುರುಕಿ, ಓಡಿ ಹತ್ತಿದೆ.

ರಾತ್ರಿ ಬರೆದೆ.
ಎಂಬತ್ತಮೂರು. ಬಲ. ಉಣ್ಣೆ.
ಹಸಿರು ಪಟ್ಟಿಯಲ್ಲಿ ಒಂದು ಹೆಣಿಗೆ ತಪ್ಪಿದೆ.
ಯಾರದು?
ಕರ್ಸರ್ ಮಿಟುಕುತ್ತ ಕಾದಿತ್ತು,
ಉತ್ತರ ಗೊತ್ತಿರುವ ಮೇಷ್ಟರ ಹಾಗೆ.
ಒಂದು ಗೀಟು ಎಳೆದೆ. ಕೊಂಡಿ ಮುಚ್ಚಿದೆ.
ಎಡಗೈಯದು ಇನ್ನೂ ಇಲ್ಲೇ,
ಹೀಟರಿನ ಮೇಲೆ ಒಣಗುತ್ತಿದೆ.