ಚೋರ್ಲಾ, ಒಂದು ದಿನದ ಪ್ಯಾಕೇಜು

ಆರನೂರು ರೂಪಾಯಿ, ನಾಷ್ಟಾ-ಊಟ ಅದರಾಗಽ.
ಅವಲಕ್ಕಿ ವಡಗಾವಿಯೊಳಗ, ಊಟ ಜಾಂಬೋಟಿಯೊಳಗ,
ನಡುವ ಗುಡ್ಡ, ಕಣಿವಿ, ಒಂದು ಜಲಪಾತ –
ಚೀಟಿಯೊಳಗ ಹಂಗ ಬರದಿತ್ತು.
ಹದಿಮೂರು ಮಂದಿ ಹೆಣಮಕ್ಕಳು, ಒಂದು ಟೆಂಪೊ,
ಕರೆಂಟ್ ತಗಿಯೂ ಸೋಮವಾರ.

ಗೈಡು ಪುಂಡಲೀಕ ಗಾವಡೆ, ಕಣಕುಂಬಿ ಕಡಿಯಾಂವ,
ಕೊರಳಾಗ ಪೀಪಿ, ಕೈಯಾಗ ಮೈಕು.
ಮೈಕು ಕೆಟ್ಟಿತ್ತು. ಆದರೂ ಬಾಯಿಗೆ ಅಡ್ಡ ಹಿಡದಽ ಮಾತಾಡತಿದ್ದ,
ಹಿಂಗಾಗಿ ಅರ್ಧ ಮಾತು ನನಗ ತಿಳೀಲಿಲ್ಲ.
ಎಡಕ್ಕ ನೋಡ್ರಿ ಅಂತ ಕೈ ಮಾಡಿದ – ಎಡಕ್ಕ ಮಂಜು.
ಬಲಕ್ಕ ಮಾಡಿದ – ಬಲಕ್ಕ ಅಕ್ಕೂಬಾಯಿ
ಖಿಡಕಿ ಹೊರಗ ಮಾರಿ ಹಾಕಿ ವಾಂತಿ ಮಾಡತಿದ್ದಳು,
ಲಿಂಬಿಹಣ್ಣು ಮೂಸಿಸಿ ಮೂಸಿಸಿ ಸಾಕಾಗಿತ್ತು ನಮಗ.

ಕಣಕುಂಬಿ ಹಂತ್ಯಾಕ, ಏರಿನ ನೆತ್ತಿ ಮ್ಯಾಲ ಗಾಡಿ ನಿಂದರಿಸಿದ.
ಬಾಟಲಿ ಬಿಚ್ಚಿ ಡಾಂಬರಿನ ಮ್ಯಾಲ ನೀರು ಸುರುವಿದ.
ನೀರು ತುಸು ಹೊತ್ತು ವಿಚಾರ ಮಾಡಿತು.
ಆಮ್ಯಾಲ ಒಂದು ಎಳಿ ಮೂಡಲಕ್ಕ, ಒಂದು ಎಳಿ ಪಡುವಲಕ್ಕ.
"ಇದು ಮಲಪ್ರಭಾ ಕೂಡತೈತಿ. ಸವದತ್ತಿ, ಕೂಡಲಸಂಗಮ,
ಹಂಗಽ ಮೂಡಣ ಸಮುದ್ರ.
ಇದು ಮಹದಾಯಿ, ಗೋವಾ. ಇದರ ಸಲುವಾಗೇ ಕೋರ್ಟು."
ರಿಯಾನಾಬಿ ಅಂದಳು:
"ಕುಡಿಯೂ ನೀರು ಚೆಲ್ಲಿಬಿಟ್ಟೆಲ್ಲೋ ತಮ್ಮಾ!"
ಅವನ ಪಾಠದಾಗ ಇದಕ್ಕ ಉತ್ತರ ಇರಲಿಲ್ಲ.

ಸುರ್ಲಾ ನೋಡೂ ಜಾಗಾ. ಕಬ್ಬಿಣದ ಸರಳು, ಸರಳಿನ ಆಚಿಗೆ ಏನೂ ಇಲ್ಲ.
ಬರೇ ಹಾಸು, ಬಿಳೇದು,
ಹೊಕ್ಕು ಹೊಡಿಯಾಕ ಯಾರೂ ಇನ್ನೂ ಬಂದಿಲ್ಲ ಅನ್ನೂ ಹಂಗ.
ಗಾವಡೆ ಬ್ಯಾಗಿನ್ಯಾಗಿಂದ ಫೋಟೋ ತಗದ, ಲ್ಯಾಮಿನೇಟ್ ಮಾಡಿಸಿದ್ದು.
ಮಂಜಿನ ಎದುರಿಗೆ ಎತ್ತಿ ಹಿಡದ:
ಹಸರು ಗ್ವಾಡಿ, ಅದರ ಮ್ಯಾಲ ಬಿಳಿ ಗೆರಿ.
"ಸರಿಯಾಗಿ ಇಲ್ಲೇ ಐತ್ರಿ. ಒಂದು ಬೆರಳು ಆಚೀಚಿ ಇಲ್ಲ."
ಎಲ್ಲಾರೂ ಪಾಳಿ ಹಚ್ಚಿ ಅದರ ಫೋಟೋ ಹೊಡಕೊಂಡರು.
ನಿಂಬೆವ್ವ ಅದರ ಸಂಗಟ ಸೆಲ್ಫಿ ತಗೊಂಡಳು.

ಆಮ್ಯಾಲ ಪೀಪಿ ಊದಿ ತುಟಿ ಮ್ಯಾಲ ಬೆರಳಿಟ್ಟ.
ಹದಿಮೂರು ಮಂದಿ ಒಮ್ಮಿಗೇ ಸುಮ್ಮನಾಗಿದ್ದು ನಾ ನೋಡಿದ್ದು ಅದಽ ಮೊದಲು.
ಒಬ್ಬಕಿ ಮಾರಿ ಬದಲಾತು. ಬಾಜೂದಕಿದು ಬದಲಾತು.
ಅಕ್ಕೂಬಾಯಿ ಕಣ್ಣು ಮುಚ್ಚಿದಳು.

ನನಗ ಕೇಳಲಿಲ್ಲ.
ಇಪ್ಪತ್ತೆಂಟು ವರ್ಷದ ಪವರ್‌ಲೂಮು
ಕಿವ್ಯಾಗ ಕುಂತು ಇನ್ನೂ ನೇಯತೈತಿ,
ಕರೆಂಟ್ ಹೋದರೂ ನಿಲ್ಲಂಗಿಲ್ಲ.
ಯಾರಿಗೂ ಹೇಳಿಲ್ಲ. ತುಟಿ ನೋಡಿ ಹೂಂ ಅಂತೀನಿ,
ನಡದುಹೋಗತೈತಿ.

"ಕೇಳ್ತೇನ್ರಿ ಅಕ್ಕಾ?" ಅಂದ. ಮೈಕು ಬಗಲಾಗಿತ್ತು.
ಹೂಂ ಅನ್ನಾಕಂತ ಬಾಯಿ ತಗದೆ,
"ಹೆಂಗ ಐತಿ?" ಅಂತ ಬಂತು.

ಮುಂಜಾನಿಂದ ಎಲ್ಲಾದಕ್ಕೂ ಮಾತಿದ್ದಾಂವ ಈಗ ತಲಿ ಕೆರಕೊಂಡ.
ಮೈಕು ಕೆಳಗಿಟ್ಟು, ಸರಳಿನ ಮ್ಯಾಲ ಹತ್ತೂ ಬೆರಳು ಊರಿ
ಬಾರಿಸಾಕ ಸುರು ಮಾಡಿದ.
ನಾ ಅಂಗೈ ಇಟ್ಟೆ. ಕಬ್ಬಿಣ ತಣ್ಣಗಿತ್ತು, ಒದ್ದಿ ಆಗಿತ್ತು.
ಬೆರಳು ಒಮ್ಮೆ ಗಡಬಡಿಸಿ ಇಳಿಯೂವು,
ಒಮ್ಮೆ ಎಲ್ಲೋ ಕಲ್ಲಿಗೆ ತಡದಂಗ ನಿಲ್ಲೂವು.
ಎಣಿಸಿದೆ. ತಪ್ಪಿತು. ಮತ್ತ ಎಣಿಸಿದೆ.
ಮಗ್ಗ ಆದರ ನಿದ್ದಿಗಣ್ಣಾಗೂ ಎಣಿಕಿ ತಪ್ಪಂಗಿಲ್ಲ,
ಇದು ಎರಡು ಸಲ ಒಂದಽ ನಮೂನಿ ಬರವಲ್ದು.
ಆ ಮಂಜು, ಆ ಹುಡುಗನ ಉಗುರು,
ನನ್ನ ಮೊಣಕೈತನಕ ಏರಿ ಬಂದಿದ್ದು –
ಇಷ್ಟಽ ಹೇಳಾಕ ಬರತೈತಿ ನನಗ.

ಮೊಬೈಲ್ ತಗದು ಒಂದು ಫೋಟೋ ಹೊಡದೆ.

ಜಾಂಬೋಟಿಯೊಳಗ ಊಟ. ಸಾರು ನೀರಾಗಿತ್ತು,
ವಾಂತಿ ಮಾಡಿದ ಅಕ್ಕೂಬಾಯಿ ಎರಡು ತಾಟು ಉಂಡಳು.
ಗಾವಡೆ ಬ್ಯಾರೆ ಬಾಕಿನ ಮ್ಯಾಲ ಕುಂತು
ನಾಳಿನ ಮಂದಿ ಎಷ್ಟು ಅಂತ ಫೋನಿನ್ಯಾಗ ಕೇಳತಿದ್ದ.

ರಾತ್ರಿ ಮಗಳು ಮೊಬೈಲ್ ಹಿಡಕೊಂಡು ಬಂದಳು.
ತುಂಬ ಬಿಳೇದು, ಕೆಳಗ ಮೂಲ್ಯಾಗ
ಅಳ್ಳಾಡಿದ ಬೆರಳು, ಯಾರವೋ.
"ಇದೇನವ್ವಾ?"
ಜಲಪಾತ ಅಂದೆ.
"ಅಳಿಸಲೇನು?"
ತುಟಿ ನೋಡಿದೆ.
ಬ್ಯಾಡ ಅಂದೆ.