ವಾಪಸು

ಕೋಡಿಬಾಗದ ಈ ಕೋಣೆ ಮೊದಲು ಮಂಜುಗಡ್ಡೆಯ ಗೋದಾಮು.
ಈಗಿಲ್ಲಿ ಹನ್ನೊಂದು ಕಬ್ಬಿಣದ ಮಂಚ, ಆರು ಗಾಲಿಕುರ್ಚಿ
(ಒಂದಕ್ಕೆ ಬಲಗಾಲಿಡುವ ಹಲಗೆ ಇಲ್ಲ),
ವಾಕರು, ಕಮೋಡು, ಗಾಳಿ ತುಂಬುವ ಹಾಸಿಗೆ,
ಮೂಲೆಯಲ್ಲಿ ಒಂದಕ್ಕೊಂದು ಒರಗಿ ನಿಂತ ಊರುಗೋಲುಗಳು.
ಬೇಕಾದವರು ಒಯ್ಯುತ್ತಾರೆ. ಮುಗಿದ ಮೇಲೆ ತರುತ್ತಾರೆ.
ಇಷ್ಟೇ ಸಂಸ್ಥೆ.
ನನ್ನನ್ನು ಕರೆದದ್ದು ಸಲಹೆಗೆ.

ಹತ್ತೊಂಬತ್ತು ವರ್ಷ ಸಲಹೆಯನ್ನೇ ಮಾರಿದವನು ನಾನು,
ಗಂಟೆಗಿಷ್ಟೆಂದು.
ಸಿಮೆಂಟಿನವರಿಗೆ, ಬಿಸ್ಕತ್ತಿನವರಿಗೆ, ವಿಮೆಯವರಿಗೆ.
ಪುಣೆಯ ಕಾರ್ಖಾನೆಯೊಂದರಲ್ಲಿ
ಊಟದ ಬಿಡುವಿನಿಂದ ಏಳು ನಿಮಿಷ ಉಳಿಸಿಕೊಟ್ಟೆ.
ಎಲ್ಲಿ ಹೋದವೋ ಆ ಏಳು ನಿಮಿಷ.
ಆ ವರ್ಷದ ನನ್ನ ಬೋನಸ್ಸಿನಲ್ಲಿ ಒಂದಿಷ್ಟು ಇದ್ದವು,
ಬಿಸಿ ಆರದ ಅನ್ನದ ಹಾಗೆ.

ಮೊದಲ ದಿನ ನಾನು ಕೇಳಿದ್ದು: ವಾಪಸಾತಿ ಎಷ್ಟು?
ಕ್ಯಾಶು ನೋಡುವ ಉಲ್ಲಾಸ ತಾಂಡೇಲ ತಲೆಯೆತ್ತದೆ
'ನೂರಕ್ಕೆ ತೊಂಬತ್ತಾರು' ಅಂದ.
ಅದ್ಭುತ, ಅಂದೆ. ಇದನ್ನೇ ಮೊದಲ ಪುಟಕ್ಕೆ ಹಾಕಿ,
ದೊಡ್ಡ ಅಕ್ಷರದಲ್ಲಿ.
ನನ್ನ ಹಳೆಯ ದನಿ. ಅದಕ್ಕೆ ಇನ್ನೂ ಟೈ ಬಿಚ್ಚಿ ಗೊತ್ತಿರಲಿಲ್ಲ.

ದುಲ್ಸಿನ್ ಬಾಯಿ, ನಿವೃತ್ತ ನರ್ಸು,
ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದರು.
ಕೆಂಪು ಬಟ್ಟೆ ಕಟ್ಟಿದ ವಹಿ ನನ್ನ ಕಡೆ ತಿರುಗಿಸಿದರು.
'ಹಸಿರು ಶಾಯಿ ಅಂದ್ರೆ
ಒಯ್ದವ್ರೇ ನಡಕೊಂಡು ಬಂದು ಕೊಟ್ಟದ್ದು.
ನೀಲಿ ಅಂದ್ರೆ ಮಗನೋ ಸೊಸೆಯೋ ತಂದದ್ದು.
ಹದಿಮೂರು ಕಳೀಲಿ ಹೇಳಿ ಕಾಯ್ತಾರೆ ಕೆಲವ್ರು.
ಕೆಲವ್ರು ಮೂರಕ್ಕೇ ಬಂದ್ರು,
ಖಾಲಿ ಮಂಚ ನೋಡುಕಾಗುದಿಲ್ಲ ಹೇಳಿ.
ತೊಳದು, ಬಿಸ್ಲಿಗಿಟ್ಟು ತರ್ತಾರೆ.
ಮಾಜಾಳಿಯವ್ಳೊಬ್ಳು ಬಣ್ಣ ಹೊಡಸ್ಕೊಂಡೇ ತಂದ್ಲು.'

ಹಾಳೆ ತಿರುವಿದೆ.
ನೀಲಿ. ನೀಲಿ. ಹಸಿರೊಂದು. ನೀಲಿ.
ಹೊರಗೆ ಯಾರೋ ಒಣಮೀನಿನ ಚೌಕಾಸಿಯಲ್ಲಿದ್ದರು.
ಬೈತ್‌ಕೋಲಿನ ಕಡೆ ಹಡಗೊಂದು ಗಂಟಲು ಸರಿಮಾಡಿಕೊಂಡಿತು.

ರಾತ್ರಿ ಲಾಡ್ಜಿನಲ್ಲಿ ನಿರುಪಮನ ಫೋನು,
ನಮ್ಮಲ್ಲೇ ಇದ್ದವನು, ಈಗ ಕಂಪನಿಯೊಂದರ ದೇಣಿಗೆ ವಿಭಾಗ:
ಒಂದು ಸಾಲಲ್ಲಿ ಹೇಳು ಮಾರಾಯ, ಫಲಿತಾಂಶ ಏನು?
ಏನಾದರೂ ಸುಧಾರಿಸಿದ್ದು ತೋರಿಸಬೇಕಲ್ಲ.
'ತೊಳೆದು ತರುತ್ತಾರೆ' ಅಂದೆ.
ಅವನು ಮುಂದಿನ ವಾಕ್ಯಕ್ಕೆ ಕಾದ.
ನಾನೂ ಕಾದೆ.

ಎರಡು ತಿಂಗಳಲ್ಲಿ ನಾನು ಕೊಟ್ಟ ಸಲಹೆ ಇಪ್ಪತ್ತೆರಡು.
ಅವರು ಒಪ್ಪಿದ್ದು ಒಂದು:
ವಾಕರಿನ ಕಾಲಿಗೆ ಹಾಕುವ ರಬ್ಬರ್ ಬೂಚು
ಹುಬ್ಬಳ್ಳಿಯಿಂದ ಸಗಟಾಗಿ ತರಿಸುವುದು.
ಬೂಚು ಸವೆದರೆ ಬಚ್ಚಲಲ್ಲಿ ಜಾರುತ್ತದೆ.
ಇದನ್ನೂ ಉಲ್ಲಾಸ ಹೋದ ವರ್ಷವೇ ಹೇಳಿದ್ದನಂತೆ.
ಅವನ ಹತ್ತಿರ ಪ್ರೊಜೆಕ್ಟರ್ ಇರಲಿಲ್ಲ.

ನನ್ನ ಸಂಭಾವನೆ: ಕರಿ ಇಶಾಡು ಒಂದು ಡಜನ್,
ರಸೀದಿ ಸಮೇತ.
ಎರಡು ಕೊಳೆತಿದ್ದವು. ರಸೀದಿಯಲ್ಲಿ ಹತ್ತು ಎಂದೇ ತಿದ್ದಿದ್ದರು.

ಇವತ್ತು ಒಂಬತ್ತನೇ ನಂಬರಿನ ಮಂಚ
ಕಾಳಿ ನದಿಯ ನಡುವಿನ ಕೂರ್ವೆಗೆ ಹೋಗಬೇಕು.
ಅಲ್ಲಿ ಯಾರೋ ಹದಿನೇಳು ದಿನದಿಂದ ಚಾಪೆಯ ಮೇಲೆ.
ಉಬ್ಬರ ಇಳಿದರೆ ದೋಣಿ ಕೆಸರಿಗೆ ಕೂರುತ್ತದೆ.
ಎತ್ತುವವರು ಇಬ್ಬರು ಸಾಲಲಿಲ್ಲ,
ಪ್ಯಾಂಟು ಮಡಚಿ ನಾನೂ ಇಳಿದೆ.

ದೋಣಿಯಲ್ಲಿ ಮಂಚ ಬೋರಲು,
ನಾಲ್ಕು ಕಾಲೂ ಆಕಾಶಕ್ಕೆ.
ವಹಿಯಲ್ಲಿ ದುಲ್ಸಿನ್ ಬಾಯಿ ಹೆಸರು ಬರೆದರು, ಊರು ಬರೆದರು,
ತಾರೀಕು ಬರೆದರು.
ವಾಪಸಿನ ಮನೆ ಖಾಲಿ.
ಎರಡೂ ಪೆನ್ನು ಅವರ ಜೇಬಲ್ಲೇ.

ನಡುನೀರಲ್ಲಿ ಗಣಬಾ ಅಂಬಿಗ ಕೇಳಿದ:
'ನಿಮ್ದು ಇದ್ರಲ್ಲಿ ಎಂತಾ ಕೆಲ್ಸ, ಸರ್?'
ಸಲಹೆ ಕೊಡೋದು, ಅಂದೆ.
ಅವನು ಒಂದೆರಡು ಹುಟ್ಟು ಯೋಚಿಸಿದ.
'ಹಂಗಾರೆ ಆಚೆ ಕಾಲು ಗಟ್ಟಿ ಹಿಡೀರಿ.
ವಾಲ್ತಾ ಉಂಟು.'